ಅಪ್ಪಣೆ ಕೇಳುವ ಪದ್ಧತಿ: ಧರ್ಮ, ವಿಜ್ಞಾನ ಮತ್ತು ನಮ್ಮ ತೋಟ

ಪರಿಸರ ಕೆಟ್ಟಿದೆ ಎಂಬ ವಿಚಾರದಲ್ಲಿ ಬೆಳೆಗಾರರೊಳಗೆ ಈಗ ಭಿನ್ನಾಭಿಪ್ರಾಯ ಉಳಿದಿಲ್ಲ. ಮಳೆ ಹೊತ್ತಿಗೆ ಬರುವುದಿಲ್ಲ, ಬಂದರೆ ನಿಲ್ಲುವುದಿಲ್ಲ. ಬೇಸಗೆಯಲ್ಲಿ ಹಳ್ಳ ಬತ್ತುತ್ತದೆ, ಮಳೆಗಾಲದಲ್ಲಿ ಗುಡ್ಡ ಜರಿಯುತ್ತದೆ. ಭಿನ್ನಾಭಿಪ್ರಾಯ ಇರುವುದು ಇದಕ್ಕೆ ಹೊಣೆ ಯಾರು ಎಂಬಲ್ಲಿ. ಒಂದು ಪಕ್ಷದವರು ಹೇಳುತ್ತಾರೆ: ಹಿರಿಯರು ಮರಕ್ಕೆ ಕೈಮುಗಿಯುತ್ತಿದ್ದರು, ವಿಜ್ಞಾನ ಬಂದು ಆ ಭಯಭಕ್ತಿಯನ್ನು ಕಳೆಯಿತು, ಕೈಗೆ ವಿಷದ ಡಬ್ಬಿ ಕೊಟ್ಟಿತು. ಇನ್ನೊಂದು ಪಕ್ಷದವರ ಉತ್ತರ: ಹೊಳೆಯನ್ನು ತಾಯಿ ಎಂದು ಕರೆಯುತ್ತಲೇ ಅದರೊಳಗೆ ಕಸ ಸುರಿಯುವವರು ಭಕ್ತರೇ ಅಲ್ಲವೇ? ನಮಗೆ ಬೇಕಾದದ್ದು ಪೂಜೆಯಲ್ಲ, ತಿಳುವಳಿಕೆ.

ಈ ವಾದ ನಮ್ಮ ಊರಿನದ್ದು ಮಾತ್ರವಲ್ಲ. 1967ರಲ್ಲಿ ಅಮೆರಿಕದ ಇತಿಹಾಸಕಾರ ಲಿನ್ ವೈಟ್ 'ಸೈನ್ಸ್' ಪತ್ರಿಕೆಯಲ್ಲಿ ಒಂದು ಲೇಖನ ಬರೆದು ದೊಡ್ಡ ಚರ್ಚೆ ಎಬ್ಬಿಸಿದರು. ಪ್ರಕೃತಿಯೆಲ್ಲ ಮನುಷ್ಯನ ಉಪಯೋಗಕ್ಕಾಗಿಯೇ ಇದೆ ಎಂಬ ಭಾವನೆಯನ್ನು ಪಶ್ಚಿಮದ ಕ್ರೈಸ್ತ ಧರ್ಮ ಬೆಳೆಸಿತು, ಅದೇ ಭಾವನೆಯ ಮೇಲೆ ಅಲ್ಲಿಯ ವಿಜ್ಞಾನ ಮತ್ತು ಯಂತ್ರವಿದ್ಯೆ ನಿಂತಿವೆ, ಈಗಿನ ಸಂಕಟದ ಬೇರು ಅಲ್ಲಿದೆ ಎಂಬುದು ಅವರ ವಾದ. ಅದೇ ಧರ್ಮದೊಳಗೆ ಹಕ್ಕಿ ಮೃಗಗಳನ್ನು ಒಡಹುಟ್ಟಿದವರಂತೆ ಕಂಡ ಅಸ್ಸಿಸಿಯ ಸಂತ ಫ್ರಾನ್ಸಿಸರನ್ನು ಪರಿಸರದ ಪಾಲಕ ಸಂತರೆಂದು ಭಾವಿಸಬೇಕೆಂದೂ ಅವರು ಸೂಚಿಸಿದರು. 1979ರಲ್ಲಿ ಪೋಪ್ ಎರಡನೆಯ ಜಾನ್ ಪಾಲ್ ಹಾಗೆಯೇ ಘೋಷಿಸಿದರು.

ಇದನ್ನು ಓದಿದ ನಮ್ಮ ದೇಶದ ಕೆಲವರಿಗೆ ಸಮಾಧಾನವಾದದ್ದುಂಟು. ತಪ್ಪು ಪಶ್ಚಿಮದವರದು, ನಮ್ಮದು ವೃಕ್ಷವನ್ನೂ ನಾಗನನ್ನೂ ಪೂಜಿಸುವ ನಾಡು ಎಂದು ಹೇಳಿಕೊಳ್ಳುವುದು ಸುಲಭ. ಆದರೆ ಹೊಣೆಯನ್ನು ಧರ್ಮದ ಮೇಲಾಗಲಿ ವಿಜ್ಞಾನದ ಮೇಲಾಗಲಿ ಹೊರಿಸಿ ಕೈ ತೊಳೆದುಕೊಂಡರೆ ಹಳ್ಳದಲ್ಲಿ ನೀರು ಬರುವುದಿಲ್ಲ. ನಮ್ಮ ಮಲೆನಾಡು ಮತ್ತು ಕರಾವಳಿಯಲ್ಲಿ ಈ ಎರಡೂ ಏನು ಮಾಡಿವೆ, ಎಲ್ಲಿ ಸೋತಿವೆ ಎಂಬುದನ್ನು ಸದಸ್ಯ ಬಾಂಧವರ ಮುಂದಿಟ್ಟು ನಮ್ಮ ಅಭಿಪ್ರಾಯ ಹೇಳಬಯಸುತ್ತೇವೆ.

ದೇವರು ಕೇಳದ ಕಾಣಿಕೆ

ಟಿಪ್ಪು ಸುಲ್ತಾನನ ಪತನದ ನಂತರ ಈಸ್ಟ್ ಇಂಡಿಯಾ ಕಂಪನಿ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯರನ್ನು ಮೈಸೂರು, ಕೆನರಾ, ಮಲಬಾರುಗಳ ಸಮೀಕ್ಷೆಗೆ ಕಳುಹಿಸಿತು. 1801ರಲ್ಲಿ ಅವರು ಕಾರವಾರದ ಸೀಮೆಯಲ್ಲಿ ಸಂಚರಿಸಿದಾಗ ಕಂಡದ್ದನ್ನು ಬರೆದಿಟ್ಟಿದ್ದಾರೆ. ಕಾಡುಗಳು ಆಯಾ ಊರಿನ ದೇವರ ಸೊತ್ತು; ಊರ ಗೌಡನೇ ಪೂಜಾರಿ; ಅವನ ಮೂಲಕ ಅಪ್ಪಣೆ ಪಡೆಯದೆ ಯಾರೂ ಮರ ಕಡಿಯುವಂತಿಲ್ಲ. ಅಪ್ಪಣೆಗಾಗಿ ದೇವರಿಗೆ ಏನನ್ನೂ ಕೊಡಬೇಕಾಗಿಲ್ಲ. ಆದರೆ ಕೇಳದೆ ಕಡಿದವನಿಗೆ ದೇವರ ಕೋಪ ತಪ್ಪಿದ್ದಲ್ಲ. ಸರಕಾರ ಕಾಡಿನ ಮೇಲೆ ಹಕ್ಕು ಸಾಧಿಸದಂತೆ ಜನರು ಹೂಡಿದ ಉಪಾಯವಿದು ಎಂದು ಬುಕಾನನ್ ಷರಾ ಬರೆದರು.

ಕಂಪನಿಯ ಅಧಿಕಾರಿಗೆ ಹಾಗೆ ತೋರಿದ್ದು ಸಹಜ. ನಮಗೆ ಮುಖ್ಯವಾಗಿ ಕಾಣುವುದು ಬೇರೆ. ದೇವರು ಕಾಣಿಕೆ ಕೇಳಲಿಲ್ಲ. ಕೇಳಿದ್ದು ಒಂದೇ, ಕೊಡಲಿ ಎತ್ತುವ ಮೊದಲು ಬಂದು ಹೇಳು ಎಂದು. ಹೇಳಬೇಕೆಂದರೆ ಊರಿನ ಎದುರು ಹೇಳಬೇಕು. ಯಾಕೆ ಬೇಕು, ಎಷ್ಟು ಬೇಕು ಎಂದು ನಾಲ್ಕು ಜನ ಕೇಳುತ್ತಾರೆ. ದುಡ್ಡು ಕೊಟ್ಟು ಆ ಪ್ರಶ್ನೆಯಿಂದ ಪಾರಾಗಲು ದಾರಿಯಿರಲಿಲ್ಲ. ಕಾಡನ್ನು ಕಾದದ್ದು ದೇವರ ವಿಗ್ರಹಕ್ಕಿಂತ ಹೆಚ್ಚಾಗಿ ಈ ಪದ್ಧತಿ ಎಂದು ನಮ್ಮ ಭಾವನೆ.

ಹಳೆಯ ಕಾಲವೆಲ್ಲ ಚಿನ್ನವಾಗಿತ್ತು ಎಂದು ಇದರ ಅರ್ಥವಲ್ಲ. ಅಪ್ಪಣೆ ಕೊಡುವ ಅಧಿಕಾರ ವಂಶಪರಂಪರೆಯಾಗಿ ಒಂದು ಮನೆಯಲ್ಲಿತ್ತು. ಕಾಡಿನಲ್ಲಿ ದುಡಿಯುವ ಅನೇಕರಿಗೆ ಆ ಕಟ್ಟೆಯ ಮುಂದೆ ಬಾಯಿ ಇರಲಿಲ್ಲ. ಆ ಅನ್ಯಾಯ ಮರಳಿ ಬೇಡ. ಆದರೆ ಕೇಳಿ ಕಡಿಯಬೇಕು ಎಂಬ ಮಾತು ಸುಳ್ಳಲ್ಲ.

ಕೊಡಗಿನ ದೇವರಕಾಡುಗಳನ್ನು ನೋಡೋಣ. ಅಯ್ಯಪ್ಪನಿಗೆ ಮಣ್ಣಿನ ನಾಯಿಗಳನ್ನು ಹರಕೆಯಾಗಿ ಒಪ್ಪಿಸುವ ಆ ಕಾಡುಗಳು ಊರೂರಿಗೂ ಇದ್ದವು. ಈಗಲೂ ದಾಖಲೆಯಲ್ಲಿ 1,214 ದೇವರಕಾಡುಗಳಿವೆ. 1905ರಲ್ಲಿ ಅವುಗಳನ್ನು ಕಂದಾಯ ಇಲಾಖೆಗೆ ಒಪ್ಪಿಸಿದಾಗ ಒಟ್ಟು ವಿಸ್ತೀರ್ಣ 6,277 ಹೆಕ್ಟೇರು. 1985ರಲ್ಲಿ ಮತ್ತೆ ಅರಣ್ಯ ಇಲಾಖೆಗೆ ಬಂದಾಗ ಉಳಿದದ್ದು 2,550 ಹೆಕ್ಟೇರು. ಅಂದರೆ 80 ವರ್ಷಗಳಲ್ಲಿ ಅರ್ಧಕ್ಕಿಂತ ಹೆಚ್ಚು ದೇವರ ಕಾಡು ತೋಟವಾಗಿ, ಗದ್ದೆಯಾಗಿ, ಮನೆಯ ಜಾಗವಾಗಿ ಕರಗಿಹೋಯಿತು. ಆ 80 ವರ್ಷಗಳಲ್ಲಿ ಭಕ್ತಿ ಕಡಿಮೆಯಾಗಿತ್ತೇ? ಹಬ್ಬ ನಿಂತಿತ್ತೇ? ಇಲ್ಲ. ನಿಂತದ್ದು ಅಪ್ಪಣೆ ಕೇಳುವ ಪದ್ಧತಿ. ದೇವರು ಉಳಿದ, ಕಾಡು ಹೋಯಿತು.

ಕರಾವಳಿಯ ನಾಗಬನಗಳ ಕಥೆಯೂ ಅದೇ. ಬನವೆಂದರೆ ಮರ, ಬಳ್ಳಿ, ಹುತ್ತ, ತಂಪು, ತರಗೆಲೆ. ಇಂದು ಅನೇಕ ಕಡೆ ಬನ ಹೋಗಿ ಕಟ್ಟೆ ಮಾತ್ರ ಉಳಿದಿದೆ. ಸಿಮೆಂಟು, ಟೈಲ್ಸು, ಸುತ್ತಲೂ ಕಬ್ಬಿಣದ ಬೇಲಿ. ಜೀರ್ಣೋದ್ಧಾರಕ್ಕೆ ಲಕ್ಷಗಟ್ಟಲೆ ವಂತಿಗೆ ಕೂಡುತ್ತದೆ, ಬನದ ಒಂದು ಮರದ ಗಿಡ ನೆಡಲು ಆಳು ಸಿಗುವುದಿಲ್ಲ. ನಾಗನಿಗೆ ನೆರಳು ಬೇಕೋ ಟೈಲ್ಸು ಬೇಕೋ ಎಂದು ಕೇಳುವ ಧೈರ್ಯ ಆಡಳಿತ ಮಂಡಳಿಯಲ್ಲಿ ಯಾರಾದರೂ ಒಬ್ಬರಿಗೆ ಇರಬೇಕು.

ಪವಿತ್ರ ಸ್ಥಳವಾದರೂ ಗುಡ್ಡ ತನ್ನ ನಿಯಮ ಬಿಡುವುದಿಲ್ಲ. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಗುಡ್ಡಗಳು ಕುಸಿದು ಮನೆ, ತೋಟ, ಪ್ರಾಣ ಹೋದವು. 2020ರ ಆಗಸ್ಟಿನಲ್ಲಿ ತಲಕಾವೇರಿಯ ಬ್ರಹ್ಮಗಿರಿ ಬೆಟ್ಟವೇ ಜರಿದು ಅರ್ಚಕರ ಮನೆ ಮಣ್ಣಿನಡಿಯಾಯಿತು. ಕಾವೇರಿ ತಾಯಿಯ ಸನ್ನಿಧಿಯಲ್ಲೇ ಹೀಗಾದ ಮೇಲೆ, ದೇವರು ನೋಡಿಕೊಳ್ಳುತ್ತಾನೆ ಎಂದು ಕುಳಿತುಕೊಳ್ಳುವುದು ಭಕ್ತಿಯಲ್ಲ, ಅಲಕ್ಷ್ಯ.

ಎರಡು ಬಗೆಯ ವಿಜ್ಞಾನ

ಇನ್ನು ವಿಜ್ಞಾನದ ಮಾತು. ಅಡಿಕೆ ಬೆಳೆಗಾರರು ವಿಜ್ಞಾನವನ್ನು ಸಾರಾಸಗಟಾಗಿ ಹಳಿಯುವುದು ನ್ಯಾಯವಲ್ಲ. ಕೊಳೆರೋಗಕ್ಕೆ ನಮ್ಮ ಹಿರಿಯರು ಕೊನೆಗೆ ಕೊಟ್ಟೆ ಕಟ್ಟಿ ಮಳೆ ತಡೆಯುತ್ತಿದ್ದರು. ಅದು ಬುದ್ಧಿವಂತಿಕೆಯ ಕ್ರಮ, ಆದರೆ ಶ್ರಮ ಅಪಾರ. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ರೋಗಕ್ಕೆ ಕಾರಣವಾದ ಶಿಲೀಂಧ್ರವನ್ನು ಗುರುತಿಸಿ 1910ರಲ್ಲಿ ವರದಿ ಪ್ರಕಟಿಸಿದರು. ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ ಬಳಸುತ್ತಿದ್ದ ಬೋರ್ಡೋ ದ್ರಾವಣ ನಮ್ಮ ಅಡಿಕೆಗೂ ಸರಿಯಾಗುತ್ತದೆ ಎಂದು ತೋಟಗಳಲ್ಲೇ ತೋರಿಸಿಕೊಟ್ಟರು. 100 ಲೀಟರು ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಸರಿಯಾಗಿದೆಯೇ ಎಂದು ತಿಳಿಯಲು ಹೊಳೆಯುವ ಚಾಕು ಅದ್ದಿ ನೋಡುವುದು. ತಾಮ್ರದ ಬಣ್ಣ ಹತ್ತಿದರೆ ಇನ್ನಷ್ಟು ಸುಣ್ಣ. ಓದು ಬರಹ ಬಾರದ ಕೊನೆಗಾರನಿಗೂ ತಿಳಿಯುವ ಪರೀಕ್ಷೆ ಅದು. 1925ರಲ್ಲಿ ಬಾಳೆಹೊನ್ನೂರಿನಲ್ಲಿ ಕಾಫಿ ಪ್ರಯೋಗ ಕೇಂದ್ರ ಆರಂಭವಾದದ್ದರ ಹಿಂದೆಯೂ ಅದೇ ಕೋಲ್ಮನ್ ಇದ್ದರು. ಕಾಫಿಗೂ ಅಡಿಕೆಗೂ ಇವರ ಋಣವಿದೆ.

ಈ ಒಳ್ಳೆಯ ಮದ್ದಿಗೂ ಮಿತಿ ಉಂಟು. ತಾಮ್ರ ಕೊಳೆತು ಹೋಗುವ ವಸ್ತುವಲ್ಲ, ವರ್ಷ ವರ್ಷವೂ ಮಣ್ಣಿನಲ್ಲಿ ಕೂಡುತ್ತದೆ. ಆ ಮಾತನ್ನು ಹೇಳುವುದೂ ವಿಜ್ಞಾನವೇ.

ಇದಕ್ಕೆ ಎದುರಾಗಿ ಎಂಡೋಸಲ್ಫಾನ್ ಇದೆ. ಕಾಸರಗೋಡಿನ ಸರಕಾರಿ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಈ ವಿಷ ಸುರಿಯಲಾಯಿತು. ಗುಡ್ಡದ ಮೇಲೆ ಗೇರು, ಕೆಳಗೆ ಮನೆ, ಬಾವಿ, ಸುರಂಗದ ನೀರು. ಪಡ್ರೆ ಗ್ರಾಮದಲ್ಲಿ ರೋಗಿಗಳನ್ನು ನೋಡುತ್ತಿದ್ದ ಡಾ. ವೈ. ಎಸ್. ಮೋಹನ ಕುಮಾರರು, ಅದೇ ಊರಿನ ಕೃಷಿಕ ಪತ್ರಕರ್ತ ಶ್ರೀ ಪಡ್ರೆಯವರು ಈ ಊರಿನಲ್ಲಿ ಏನೋ ಆಗಬಾರದ್ದು ಆಗುತ್ತಿದೆ ಎಂದು ಹೊರಜಗತ್ತಿಗೆ ತಿಳಿಸಿದರು. ದಕ್ಷಿಣ ಕನ್ನಡದ ಕೊಕ್ಕಡದ ಕಡೆಯೂ ಗೇರು ತೋಟಗಳ ಸುತ್ತಲಿನ ಮನೆಗಳು ಅದೇ ಸಂಕಟ ಅನುಭವಿಸಿದವು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ದೇಶದಾದ್ಯಂತ ಅದನ್ನು ನಿಷೇಧಿಸಿತು. ಆ ವೇಳೆಗೆ ಒಂದು ತಲೆಮಾರು ಕಳೆದಿತ್ತು.

ಕೋಲ್ಮನ್ನರದೂ ವಿಜ್ಞಾನವೇ, ಹೆಲಿಕಾಪ್ಟರಿನಿಂದ ಸುರಿದದ್ದೂ ಪ್ರಯೋಗಶಾಲೆಯಿಂದ ಬಂದದ್ದೇ. ವ್ಯತ್ಯಾಸ ಎಲ್ಲಿ? ಒಬ್ಬರು ತೋಟಕ್ಕೆ ಬಂದರು, ನೋಡಿದರು, ಬೆಳೆಗಾರನಿಗೆ ತೋರಿಸಿ ಒಪ್ಪಿಸಿದರು. ಇನ್ನೊಂದು ಆಕಾಶದಿಂದ ಬಂತು. ಕೆಳಗೆ ಇದ್ದವರನ್ನು ಯಾರೂ ಒಂದು ಮಾತು ಕೇಳಲಿಲ್ಲ. ಅಪ್ಪಣೆಯ ಮಾತು ಇಲ್ಲಿಯೂ ಬಂತು ನೋಡಿ.

ಎರಡೂ ಕೂಡಿದಾಗ

ಹಾಗಾದರೆ ಧರ್ಮವನ್ನೂ ವಿಜ್ಞಾನವನ್ನೂ ಕೂಡಿಸಿ ನಡೆದವರು ಇಲ್ಲವೇ? ಇದ್ದಾರೆ. ಕಾಶಿಯ ಸಂಕಟಮೋಚನ ದೇವಸ್ಥಾನದ ಮಹಂತರಾಗಿದ್ದ ವೀರಭದ್ರ ಮಿಶ್ರರು ಬನಾರಸ್ ಹಿಂದೂ ವಿಶ್ವವಿದ್ಯಾನಿಲಯದಲ್ಲಿ ಜಲ ಇಂಜಿನಿಯರಿಂಗಿನ ಪ್ರಾಧ್ಯಾಪಕರೂ ಆಗಿದ್ದರು. ನಿತ್ಯ ಗಂಗಾಸ್ನಾನ ಬಿಡದ ಅವರೇ ಆ ನೀರನ್ನು ಪರೀಕ್ಷಿಸಲು ತುಳಸಿ ಘಾಟಿನಲ್ಲಿ ಪ್ರಯೋಗಶಾಲೆ ನಡೆಸಿದರು. 1982ರಲ್ಲಿ ಗಂಗೆಯ ಶುದ್ಧಿಗಾಗಿ ಸಂಸ್ಥೆ ಕಟ್ಟಿದರು. ಗಂಗೆ ಪವಿತ್ರಳು ಎಂಬುದು ಅವರ ನಂಬಿಕೆ. ಗಂಗೆಯ ನೀರಿನಲ್ಲಿ ಊರಿನ ಕೊಳಚೆ ಇದೆ ಎಂಬುದು ಅವರ ಲೆಕ್ಕ. ಒಂದು ಇನ್ನೊಂದನ್ನು ಸುಳ್ಳು ಮಾಡಬೇಕಾಗಿರಲಿಲ್ಲ. ಪವಿತ್ರಳಾದ ಗಂಗೆ ತಾನಾಗಿಯೇ ಶುದ್ಧಳು ಎಂದು ಅವರು ಸುಮ್ಮನಿದ್ದಿದ್ದರೆ ಭಕ್ತಿಯಿಂದ ಗಂಗೆಗೆ ಏನೂ ಸಿಗುತ್ತಿರಲಿಲ್ಲ. 2013ರಲ್ಲಿ ತೀರಿಕೊಳ್ಳುವವರೆಗೂ ಅವರು ಆ ಕೆಲಸ ಬಿಡಲಿಲ್ಲ.

ಕಾಶಿಯವರೆಗೆ ಹೋಗಬೇಕಾಗಿಯೂ ಇಲ್ಲ. 1980ರ ಸುಮಾರಿನಲ್ಲಿ ಬೇಡ್ತಿ ಹೊಳೆಗೆ ಜಲವಿದ್ಯುತ್ತಿನ ಅಣೆಕಟ್ಟು ಕಟ್ಟುವ ಯೋಜನೆ ಬಂದಾಗ ಉತ್ತರ ಕನ್ನಡದ ಅಡಿಕೆ, ಯಾಲಕ್ಕಿ, ಮೆಣಸಿನ ತೋಟಗಳೂ ಕಾಡೂ ಮುಳುಗುವ ಪ್ರಸಂಗ ಎದುರಾಯಿತು. ಆಗ ಶಿರಸಿಯ ತೋಟಗಾರ್ಸ್ ಸೇಲ್ ಸೊಸೈಟಿ ಮಾಡಿದ ಕೆಲಸವನ್ನು ಪ್ರತಿಯೊಂದು ಬೆಳೆಗಾರರ ಸಂಘವೂ ನೆನಪಿಡಬೇಕು. ಬರೀ ಘೋಷಣೆ ಕೂಗದೆ, 1981ರಲ್ಲಿ ವಿಜ್ಞಾನಿಗಳನ್ನೂ ತಜ್ಞರನ್ನೂ ಶಿರಸಿಗೆ ಕರೆಸಿ ಯೋಜನೆಯ ಲಾಭ ನಷ್ಟಗಳನ್ನು ಲೆಕ್ಕ ಹಾಕಿ ನೋಡಿ ಎಂದು ಕೇಳಿತು. ಆ ಚರ್ಚೆ ಪುಸ್ತಕವಾಗಿಯೂ ಬಂತು. ಯೋಜನೆ ಅಲ್ಲಿಗೆ ನಿಂತಿತು. ಮುಂದೆ ಸೋಂದಾ ಸ್ವರ್ಣವಲ್ಲಿ ಮಠದ ಶ್ರೀಗಳು ಬೇಡ್ತಿ, ಅಘನಾಶಿನಿ ಕಣಿವೆಗಳ ಪರವಾಗಿ ಜನರನ್ನು ಒಗ್ಗೂಡಿಸಿದರು. ಮಠವೂ ವಿಜ್ಞಾನಿಯೂ ಸಹಕಾರ ಸಂಘವೂ ಒಂದೇ ಕಣಿವೆಗಾಗಿ ನಿಂತ ಉದಾಹರಣೆ ನಮ್ಮ ನೆರೆಯಲ್ಲೇ ಇದೆ.

ಇಲ್ಲಿ ಗಮನಿಸಬೇಕಾದ್ದು ಸಂಘದ ಪಾತ್ರ. ಭಕ್ತಿ ಒಬ್ಬೊಬ್ಬನ ಮನಸ್ಸಿನಲ್ಲಿರುತ್ತದೆ. ವಿಜ್ಞಾನ ಪುಸ್ತಕದಲ್ಲಿ, ಪ್ರಯೋಗಶಾಲೆಯಲ್ಲಿ ಇರುತ್ತದೆ. ಇವೆರಡನ್ನೂ ತಂದು ಊರಿನ ಕಟ್ಟುಪಾಡಾಗಿ ಮಾಡಲು ಹತ್ತು ಜನ ಕೂಡುವ ಜಾಗ ಬೇಕು. ಹಿಂದೆ ಅದು ಗೌಡನ ಕಟ್ಟೆಯಾಗಿತ್ತು. ಇಂದು ಒಬ್ಬ ಸದಸ್ಯನಿಗೆ ಒಂದೇ ಮತ ಇರುವ ನಮ್ಮ ಸಂಘಗಳು ಆ ಕಟ್ಟೆಗಿಂತ ನ್ಯಾಯವಾಗಿ ಅದನ್ನು ನಡೆಸಬಲ್ಲವು.

ಕಟ್ಟುಪಾಡು ಯಾರು ಮಾಡಬೇಕು?

ಇಲ್ಲಿ ಒಂದು ಕಹಿ ಮಾತು ಹೇಳಬೇಕಾಗಿದೆ. ಮಾಧವ ಗಾಡ್ಗೀಳರ ಅಧ್ಯಕ್ಷತೆಯ ಸಮಿತಿ 2011ರಲ್ಲಿ ಪಶ್ಚಿಮ ಘಟ್ಟದ ಬಗ್ಗೆ ವರದಿ ಕೊಟ್ಟಿತು. 2013ರಲ್ಲಿ ಕಸ್ತೂರಿರಂಗನ್ ಸಮಿತಿಯ ವರದಿ ಬಂತು. ಎರಡಕ್ಕೂ ಬೆಳೆಗಾರರಿಂದ ವಿರೋಧ ಬಂತು. 2024ರಲ್ಲಿ ನಮ್ಮ ರಾಜ್ಯ ಸಚಿವ ಸಂಪುಟವೂ ಕಸ್ತೂರಿರಂಗನ್ ವರದಿಯನ್ನು ತಿರಸ್ಕರಿಸಲು ತೀರ್ಮಾನಿಸಿತು. ದಿಲ್ಲಿಯಲ್ಲಿ ನಕ್ಷೆ ಬರೆದು ನಮ್ಮ ಅಂಗಳದಲ್ಲಿ ಗೆರೆ ಎಳೆಯುತ್ತಾರೆ ಎಂಬ ಭಯ ಸುಳ್ಳಲ್ಲ. ಗ್ರಾಮಸಭೆಗಳ ಮುಂದಿಟ್ಟು ಚರ್ಚಿಸಬೇಕೆಂದು ಗಾಡ್ಗೀಳ್ ವರದಿ ಹೇಳಿದ್ದರೂ ಆ ಮಾತು ನಮ್ಮ ಹಳ್ಳಿಗಳಿಗೆ ಸರಿಯಾಗಿ ತಲುಪಲೇ ಇಲ್ಲ.

ಆದರೆ ವಿರೋಧಿಸಿದ ಮೇಲೆ ಮುಂದೇನು? ಮೇಲಿನಿಂದ ಬಂದ ಕಟ್ಟು ಬೇಡ ಎಂದವರು ತಮ್ಮದೇ ಕಟ್ಟು ಮಾಡಿಕೊಳ್ಳಬೇಕು. ಎರಡೂ ಇಲ್ಲ ಎಂದರೆ ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ಅಡಿಕೆಗೆ ದರ ಇದ್ದಾಗ ಒಂದು ಗುಂಟೆ ಮುಂದೆ, ಕಾಫಿಗೆ ದರ ಬಂದಾಗ ಎರಡು ಗುಂಟೆ ಮುಂದೆ ಬೇಲಿ ಸರಿಯುತ್ತ ಹೋದರೆ ಕೊನೆಗೆ ಹಳ್ಳದ ತಲೆಯೇ ತೋಟವಾಗುತ್ತದೆ. ಆಗ ಆ ತೋಟಕ್ಕೆ ನೀರೆಲ್ಲಿಂದ?

ಸೊಪ್ಪಿನ ಬೆಟ್ಟದ ವಿಚಾರ ತೆಗೆದುಕೊಳ್ಳೋಣ. ಉತ್ತರ ಕನ್ನಡದಲ್ಲಿ 1 ಎಕರೆ ಅಡಿಕೆ ತೋಟಕ್ಕೆ 9 ಎಕರೆಯವರೆಗೆ ಬೆಟ್ಟದ ಸವಲತ್ತು ಇದೆ. ಸೊಪ್ಪು, ದರಕು, ಸೌದೆಗಾಗಿ ಕೊಟ್ಟದ್ದು. ಬೆಟ್ಟ ಬೆಟ್ಟವಾಗಿಯೇ ಉಳಿಯಬೇಕೆಂಬ ಷರತ್ತು ಅದರೊಳಗೇ ಇದೆ. ಬೆಟ್ಟ ಬೋಳಾದಲ್ಲಿ ಸವಲತ್ತು ಕಾಗದದಲ್ಲಿ ಮಾತ್ರ ಉಳಿಯುತ್ತದೆ.

ಕಾಫಿ ತೋಟದ ನೆರಳೂ ಹೀಗೆಯೇ. ಆಸ್ಟ್ರೇಲಿಯಾ ಮೂಲದ ಸಿಲ್ವರ್ ಓಕ್ ಬೇಗ ಬೆಳೆಯುತ್ತದೆ, ಮೆಣಸಿನ ಬಳ್ಳಿ ಹಬ್ಬಿಸಲು ಅನುಕೂಲ, ಕಡಿದು ಮಾರಲೂ ತೊಡಕು ಕಡಿಮೆ. ಹಾಗಾಗಿ ಹಲವು ತೋಟಗಳಲ್ಲಿ ಅತ್ತಿ, ಬಸರಿ, ಹಲಸು, ಹೊನ್ನೆ ಹೋಗಿ ಅದೇ ನಿಂತಿದೆ. ದೇಶೀ ಮರ ಉಳಿಸಿಕೊಂಡವನಿಗೆ ಕಡಿತದ ಅನುಮತಿಯ ತಾಪತ್ರಯ, ಕಡಿದವನಿಗೆ ನಿರಾಳ ಎಂಬ ಸ್ಥಿತಿಯನ್ನು ಸರಕಾರವೂ ಸರಿಪಡಿಸಬೇಕು. ಶೋನಿಲ್ ಭಾಗವತ್, ಪೊನ್ನಂಪೇಟೆ ಅರಣ್ಯ ಕಾಲೇಜಿನ ಸಿ. ಜಿ. ಕುಶಾಲಪ್ಪ ಮತ್ತು ಸಂಗಡಿಗರು ಕೊಡಗಿನ ದೇವರಕಾಡು, ಮೀಸಲು ಅರಣ್ಯ, ಕಾಫಿ ತೋಟಗಳಲ್ಲಿ ಮರ, ಹಕ್ಕಿ, ಅಣಬೆಗಳನ್ನು ಎಣಿಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನ, ಇವೆಲ್ಲವನ್ನೂ ಒಂದೇ ಸೀಮೆಯೆಂದು ಕಂಡು ಕಾಪಾಡಬೇಕೆಂದು ಹೇಳಿತು. ಅಂದರೆ ದೇವರಕಾಡು ಬದುಕುವುದಕ್ಕೆ ಅದರ ಪಕ್ಕದ ತೋಟದ ಮರಗಳೂ ಬೇಕು. ವಿಜ್ಞಾನ ಎಣಿಸಿ ಹೇಳಿದ ಈ ಮಾತಿನಲ್ಲಿ ಬೆಳೆಗಾರನಿಗೆ ಗೌರವವೂ ಇದೆ, ಹೊಣೆಯೂ ಇದೆ.

ನಮ್ಮ ಸಲಹೆಗಳು

ಸದಸ್ಯ ಬಾಂಧವರು ಈ ಕೆಳಗಿನ ವಿಚಾರಗಳನ್ನು ತಮ್ಮ ಊರಿನ ಸಭೆಗಳಲ್ಲಿ ಚರ್ಚಿಸಬೇಕೆಂದು ವಿನಂತಿಸುತ್ತೇವೆ.

1. ಪ್ರತಿ ಊರಿನ ದೇವರಕಾಡು, ನಾಗಬನ, ಕಾನುಗಳ ಗಡಿಯನ್ನು ಊರವರೇ ನಿಂತು ಅಳೆಸಿ ಕಲ್ಲು ನೆಡಿಸಬೇಕು. ಒತ್ತುವರಿ ಯಾರದೇ ಆಗಿರಲಿ, ದೊಡ್ಡ ಹಿಡುವಳಿದಾರರಿಂದ ಬಿಡಿಸುವ ಕೆಲಸ ಮೊದಲಾಗಬೇಕು. ಅರ್ಧ ಎಕರೆಯಲ್ಲಿ ಬದುಕುವವನ ಮೇಲೆ ಮೊದಲು ಕೈಮಾಡುವುದು ಧರ್ಮವಲ್ಲ.

2. ಜೀರ್ಣೋದ್ಧಾರದ ವಂತಿಗೆಯಲ್ಲಿ ಒಂದು ಪಾಲು ಮರಕ್ಕೆ, ನೀರಿಗೆ ಮೀಸಲಾಗಬೇಕು. ಗುಡಿಗೆ ಕಲಶ ಏರುವ ದಿನವೇ ಬನದಲ್ಲಿ ಗಿಡ ನೆಡುವ ಪದ್ಧತಿ ಬರಲಿ. ಇದು ದೇವಸ್ಥಾನಕ್ಕೆ ಮಾತ್ರವಲ್ಲ, ಇಗರ್ಜಿ ಮಸೀದಿಗಳ ಆವರಣಕ್ಕೂ ಸಲ್ಲುವ ಮಾತು.

3. ಹಳ್ಳದ ತಲೆಯಲ್ಲಿ, ಕಡಿದಾದ ಇಳಿಜಾರಿನಲ್ಲಿ ಮಣ್ಣು ಅಗೆಯುವ ಯಂತ್ರ ತರುವ ಮೊದಲು ಕೆಳಗಿನ ತೋಟದವರನ್ನು ಕೇಳಬೇಕು. ಕಾನೂನಿಗೆ ಕಾಯದೆ ಇದನ್ನು ಊರಿನ ಕಟ್ಟಾಗಿ ಮಾಡಿಕೊಳ್ಳಬಹುದು.

4. ಮದ್ದು ಸಿಂಪಡಿಸುವ ಮೊದಲು ಮಣ್ಣು ಪರೀಕ್ಷೆ, ರೋಗದ ಗುರುತು. ಎಲೆಚುಕ್ಕಿ ರೋಗದ ಗಾಬರಿಯಲ್ಲಿ ಅಂಗಡಿಯವರು ಹೇಳಿದ್ದನ್ನೆಲ್ಲ ಹೊಡೆಯುವುದು ವಿಜ್ಞಾನವಲ್ಲ. ಸಂಘ ತಜ್ಞರನ್ನು ಕರೆಸಿ ತೋಟದಲ್ಲೇ ತೋರಿಸುವ ಏರ್ಪಾಡು ಮಾಡಬೇಕು.

ಇದರಿಂದ ಆದಾಯಕ್ಕೆ ಹೊಡೆತ ಬೀಳುವುದಿಲ್ಲವೇ ಎಂದು ಕೇಳುವವರಿದ್ದಾರೆ. ಮೊದಲಿಗೆ ಸ್ವಲ್ಪ ಬೀಳಬಹುದು. ಒಂದು ಗುಂಟೆ ಬಿಡುವುದು, ಒಂದು ಮರ ಉಳಿಸುವುದು ಯಾರಿಗೂ ಪುಕ್ಕಟೆಯಲ್ಲ. ಆದರೆ ಒಬ್ಬನೇ ಬಿಟ್ಟರೆ ನಷ್ಟ, ಊರೆಲ್ಲ ಬಿಟ್ಟರೆ ಹಳ್ಳ. ಒಬ್ಬನಿಗೆ ಸಾಧ್ಯವಾಗದ್ದನ್ನು ಹತ್ತು ಜನ ಕೂಡಿ ಮಾಡುವುದಕ್ಕಾಗಿಯೇ ನಾವು ಸಹಕಾರ ಸಂಘ ಕಟ್ಟಿಕೊಂಡಿರುವುದು. ಅಡಿಕೆ ಮಾರಲು, ಕಾಫಿಗೆ ದರ ಕೇಳಲು ಮಾತ್ರ ಕೂಡುವವರು ಅಡಿಕೆಯನ್ನೂ ಕಾಫಿಯನ್ನೂ ಬೆಳೆಸುವ ನೀರಿಗಾಗಿ ಕೂಡಬಾರದೇ?

ದೇವರನ್ನು ನಂಬುವವರು ಆ ಅಪ್ಪಣೆಯನ್ನು ದೇವರ ಮುಂದೆ ಕೇಳಲಿ. ನಂಬದವರು ಕೆಳಗಿನ ತೋಟದವನ ಮುಂದೆ, ಮುಂದೆ ಬರುವ ಮಕ್ಕಳ ಹೆಸರಿನಲ್ಲಿ ಕೇಳಲಿ. ಕೇಳದೆ ಕೊಡಲಿ ಎತ್ತಬಾರದು ಎಂಬಲ್ಲಿ ಇಬ್ಬರಿಗೂ ಜಗಳವಿರಬೇಕಾಗಿಲ್ಲ. ಮುಂದಿನ ಮಹಾಸಭೆಯ ಮೊದಲು ಪ್ರತಿ ಊರಿನವರೂ ತಮ್ಮಲ್ಲಿ ಉಳಿದಿರುವ ದೇವರಕಾಡು, ಬನ, ಕಾನು, ಬೆಟ್ಟಗಳ ಪಟ್ಟಿಯನ್ನು ಮಾಡಿ ಸಂಘದ ಕಚೇರಿಗೆ ತಲುಪಿಸಿದರೆ ಮಾತು ಅಲ್ಲಿಂದ ಆರಂಭವಾಗಬಹುದು.